ಒಂದು ಗೇಣು ಕಡಿಮೆಯಿರುವ ಬಾಗಿಲು

ಮೊಕ್ಪೊ ಬಂದರಿನಲ್ಲಿ ದೋಣಿಗಳ ದೀಪ ಇನ್ನೂ ಆರಿಲ್ಲ. ಈಜುಕೊಳದ ಹೆಂಗಸರ ಸ್ನಾನದ ಮನೆಯಲ್ಲಿ ಪ್ಯೋ ಮಿರಾನ್ ಒಬ್ಬಳೇ ಮಂಡಿಯೂರಿ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಬಕೆಟ್ಟು. ಎಲ್ಲರೂ ಒಟ್ಟಿಗೆ ನಿಂತು ಮೀಯುವ ಶವರುಗಳ ಸಾಲಿನ ಕೊನೆಗೆ, ಒಬ್ಬೊಬ್ಬರೇ ಮೀಯಲು ಬಾಗಿಲಿರುವ ಮೂರು ಪುಟ್ಟ ಗೂಡುಗಳಿವೆ. ಅವುಗಳೊಳಗೆ ನೀರು ಸುರಿದು ಎತ್ತ ಹರಿಯುತ್ತದೆಂದು ನೋಡುತ್ತಾಳೆ. ನೀರು ಬಾಗಿಲ ಕೆಳಗೆ ನುಸುಳಿ, ಹೊರಗಿನ ಮೋರಿಗೆ ಇಳಿಯುತ್ತದೆ. ಬೋಧಿಸತ್ವನ ಹೆಸರು ಹೇಳಿಕೊಂಡು ಇನ್ನೊಮ್ಮೆ ಸುರಿಯುತ್ತಾಳೆ.

ಇವತ್ತು ಚನ್ ಹ್ಯೆಜಾ ಬರುತ್ತಾಳೆ. ಅವಳು ಸುಸೂತ್ರವಾಗಿ ಕೊಳಕ್ಕಿಳಿದರೆ ಬಾಗಿಲುಗಳು ಉಳಿಯುತ್ತವೆ. ಮತ್ತೆ ಜಗಳವಾದರೆ ಸಂಜೆಯೊಳಗೆ ಕಿತ್ತುಹಾಕಿಸುತ್ತೇನೆಂದು ಮ್ಯಾನೇಜರು ಹೇಳಿಯಾಗಿದೆ.

ಮಿರಾನ್‌ಗೆ ಐವತ್ತು ದಾಟಿದೆ. ಈ ಕರಾವಳಿಯಲ್ಲಿ ಎಲ್ಲಿ ವ್ಯಾಯಾಮಶಾಲೆ, ಈಜುಕೊಳ ಎದ್ದರೂ ಅದರ ಬಟ್ಟೆ ಬದಲಿಸುವ ಕೋಣೆಗಳ ನಕ್ಷೆ ಬರೆಯುವವಳು ಇವಳು. ಬಾಗಿಲ ಬಳಿಯ ಕಲ್ಲಿನ ಮೇಲೆ ಮೇಯರರ ಹೆಸರಿರುತ್ತದೆ, ಗುತ್ತಿಗೆದಾರನ ಹೆಸರಿರುತ್ತದೆ, ಇವಳದಿಲ್ಲ. ಗಾಲಿಕುರ್ಚಿಯಲ್ಲಿ ಕೂತವರ ಕೈಗೆಟುಕುವ ಲಾಕರು, ಮಲಗಿಸಿ ಬಟ್ಟೆ ತೊಡಿಸಬಹುದಾದ ಅಗಲ ಬೆಂಚು, ಗಂಡು ಹೆಣ್ಣೆನ್ನದೆ ಮನೆಮಂದಿ ಜೊತೆಯಾಗಿ ಹೋಗಬಹುದಾದ ಕೋಣೆ, ಎಲ್ಲ ಅವಳ ಪೆನ್ಸಿಲ್ಲಿನಿಂದ ಇಳಿದವು. ಯಾಕೆಂದು ಕೇಳಿದರೆ ಮಿರಾನ್ ಹೇಳುತ್ತಾಳೆ:

“ಅಪ್ಪನಿಗೆ ಲಕ್ವ ಹೊಡೆದಿತ್ತು. ನೀರಲ್ಲಿ ನಡೆಸಿ ಅಂದ್ರು ಡಾಕ್ಟ್ರು. ಕರ್ಕೊಂಡು ಬಂದೆ. ಗಂಡಸರ ಕೋಣೆ ಬಾಗಿಲ ತನಕ ಅಷ್ಟೇ ನಾನು. ಒಳಗೆ ಯಾರೋ ಪುಣ್ಯಾತ್ಮರು ಬಟ್ಟೆ ಬಿಚ್ಚಿಸಿದ್ರಂತೆ. ಅಪ್ಪ ಹೊರಗೆ ಬಂದು ನನ್ನ ಮುಖ ನೋಡ್ಲಿಲ್ಲ. ಮಾರನೇ ದಿನ ಕರೆದ್ರೆ ಗೋಡೆ ಕಡೆ ತಿರುಗಿ ಮಲಗಿಬಿಟ್ರು.”

ಹ್ಯೆಜಾ ಪೇಟೆಯಲ್ಲಿ ಒಣಮೀನು ಮಾರುವವಳು. ಕ್ಯಾನ್ಸರಿಗೆಂದು ಒಂದು ಮೊಲೆ ತೆಗೆದಿದ್ದಾರೆ. ನಾಲ್ಕು ಜನರ ನಡುವೆ ಬೆತ್ತಲೆ ನಿಂತು ಮೀಯುವ ಎದೆಗಾರಿಕೆ ಅವಳಿಗಿಲ್ಲ. ಅವಳಂಥವರಿಗೆಂದೇ ಮಿರಾನ್ ಹೋದ ವರ್ಷ ಈ ಗೂಡುಗಳನ್ನು ಮಾಡಿಸಿದ್ದು. ಬಾಗಿಲು ನೆಲದ ತನಕ, ಮೋರಿ ಒಳಗಡೆ. ಮೊದಲ ದಿನವೇ, ಈಜುಡುಪು ತೊಟ್ಟು ಹೊರಬಂದ ಹ್ಯೆಜಾಳನ್ನು ಮುಂಜಾವ ಈಜಲು ಬರುವ ಗುಂಪಿನ ಹಿರಿಯಳು ಗು ಬೊಕ್ಸುನ್ ತಡೆದು ನಿಲ್ಲಿಸಿದಳು.

“ಸೋಪು ಹಚ್ಚಿ ತೊಳ್ಕೊಂಡ್ಯೇನೇ? ನಾವ್ಯಾರೂ ನೋಡ್ಲೇ ಇಲ್ವಲ್ಲ! ಮೀನಿನ ವಾಸ್ನೆ ಸಮೇತ ಇಳೀತೀಯಾ?”

ಹ್ಯೆಜಾ ಅಲ್ಲಿಂದಲೇ ತಿರುಗಿದಳು. ಬಟ್ಟೆ ಹಾಕಿಕೊಂಡು ಹೋದವಳು ಚಳಿಗಾಲವಿಡೀ ಇತ್ತ ತಲೆ ಹಾಕಲಿಲ್ಲ.

“ಬೊಕ್ಸುನಕ್ಕನ್ನ ಬೈಯೋಕಾಗಲ್ಲ. ಆ ನೀರು ಎಲ್ಲರ ಬಾಯಿಗೂ ಹೋಗುತ್ತೆ. ಮೈ ತೊಳೆದು ಇಳೀಬೇಕು ಅನ್ನೋದು ನ್ಯಾಯಾನೇ,” ಎನ್ನುತ್ತಾಳೆ ಮಿರಾನ್. “ಮೈ ಮುಚ್ಚೋಕೆ ಹೋಗಿ ಸ್ನಾನಾನೂ ಮುಚ್ಚಿಬಿಟ್ಟಿದ್ದೆ.”

ಹೊಸವರ್ಷದ ರಜೆಯಲ್ಲಿ ಅವಳು ನೆಲ ಒಡೆಸಿ, ಇಳಿಜಾರನ್ನು ಹೊರಮುಖ ಮಾಡಿಸಿದ್ದಾಳೆ. ಬಾಗಿಲುಗಳನ್ನು ಕೆಳಗಿನಿಂದ ಒಂದು ಗೇಣು ಕೊಯ್ಯಿಸಿದ್ದಾಳೆ. ಮೈ ಕಾಣಬಾರದು, ಮೈ ತೊಳೆದ ನೀರು ಕಾಣಬೇಕು.

ಗುಂಪು ಗಲಗಲ ಎನ್ನುತ್ತ ಒಳನುಗ್ಗುತ್ತದೆ. ತಲೆಗೆ ಟವೆಲ್ ಸುತ್ತಿದ ಬೊಕ್ಸುನ್ ಗೂಡುಗಳ ಮುಂದೆ ನಿಂತು ನಗುತ್ತಾಳೆ. “ಏನೇ ಮಿರಾನ್, ಒಗೆದಿದ್ದಕ್ಕೆ ಬಾಗಿಲೂ ಕುಗ್ಗೋಯ್ತಾ?”

ಅಷ್ಟರಲ್ಲಿ ಹ್ಯೆಜಾ ಬರುತ್ತಾಳೆ. ಯಾರನ್ನೂ ನೋಡದೆ ಕೊನೆಯ ಗೂಡು ಹೊಕ್ಕು ಚಿಲಕ ಹಾಕಿಕೊಳ್ಳುತ್ತಾಳೆ. ಬೊಕ್ಸುನಳ ನಗು ನಿಲ್ಲುತ್ತದೆ. ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಎದುರಾಗಿ ನಿಲ್ಲುತ್ತಾಳೆ. ಒಂದೊಂದೇ ಶವರು ನಿಲ್ಲುತ್ತದೆ. ಒಳಗಿನಿಂದ ಸದ್ದಿಲ್ಲ. ಬಾಗಿಲ ಕೆಳಗೆ ಎರಡು ಪಾದ ಕಾಣುತ್ತವೆ, ಅವು ಅಲುಗುವುದಿಲ್ಲ. ಮಿರಾನ್ ಒರೆಸುವ ಬಟ್ಟೆಯನ್ನು ಹಿಂಡುತ್ತಾಳೆ, ಅದರಲ್ಲಿ ನೀರೇ ಇಲ್ಲ.

ಕಡೆಗೂ ನಲ್ಲಿ ತಿರುಗುತ್ತದೆ. ತಿಳಿನೀರು ಹೊರಬರುತ್ತದೆ.

“ಬರೀ ನೀರು,” ಎಂದು ಯಾರೋ ಪಿಸುಗುಟ್ಟುತ್ತಾರೆ.

ಬೊಕ್ಸುನ್ ಬಾಯಿ ತೆರೆಯುವಷ್ಟರಲ್ಲಿ ನೊರೆ ಕಾಣಿಸಿಕೊಳ್ಳುತ್ತದೆ. ಮೊದಲು ತೆಳ್ಳಗೆ, ಆಮೇಲೆ ಕಡೆದ ಮಜ್ಜಿಗೆಯ ಮೇಲಿನ ಬುರುಗಿನಂತೆ ದಪ್ಪಗೆ. ಅದು ಅವಳ ಕಾಲ್ಬೆರಳುಗಳನ್ನು ಬಳಸಿಕೊಂಡು ಮೋರಿಗಿಳಿಯುತ್ತದೆ. ಅವಳು ಬಗ್ಗಿ ನೋಡುತ್ತಾಳೆ. ತುಂಬ ಹೊತ್ತು ನೋಡುತ್ತಾಳೆ.

ಬಾಗಿಲು ತೆರೆಯುತ್ತದೆ. ಕಪ್ಪು ಈಜುಡುಪಿನಲ್ಲಿ ಹ್ಯೆಜಾ. ಒಂದು ಮಗ್ಗುಲು ಚಪ್ಪಟೆ.

“ಅರ್ಧ ಸೋಪು ಕರಗಿಸಿದ್ಯೇನೇ? ನಾನು ಜಾರಿ ಬಿದ್ರೆ ನಿನ್ನ ಸೊಂಟ ಕೊಡ್ತೀಯಾ?” ಎನ್ನುತ್ತಾಳೆ ಬೊಕ್ಸುನ್.

“ಕೊಡ್ತೀನಿ ಅಕ್ಕ, ನಿಮ್ಮ ಗಾತ್ರಕ್ಕೆ ಸಾಲಲ್ಲ ಅದು.”

ಮೊದಲು ನಕ್ಕವಳು ಬೊಕ್ಸುನ್. “ಬಾಯಿ ನೋಡು ಇವಳದು! ನಡಿ, ಟೋಪಿಯೊಳಗೆ ಕೂದಲು ಸೇರಿಸ್ಕೋ. ನನ್ನ ಹಿಂದೇನೇ ಈಜು, ಕಾಲು ಒದೀಬೇಡ.”

ಹೆಂಗಸರೆಲ್ಲ ಕೊಳದ ಕಡೆ ನಡೆಯುತ್ತಾರೆ. ಮಿರಾನ್ ನೆಲಕ್ಕೆ ಕೂತು, ನೊರೆಯ ಕೊನೆಯ ಎಳೆ ಇಳಿಯುವುದನ್ನು ನೋಡಿ ಕಣ್ಣು ಮುಚ್ಚುತ್ತಾಳೆ. ಆಗ ಬೆನ್ನ ಹಿಂದೆ ಯಾರೋ ಮೆಲ್ಲಗೆ ನಡೆದ ಸದ್ದು. ನಡುವಿನ ಗೂಡಿನ ಚಿಲಕ ಬೀಳುತ್ತದೆ. ಇದುವರೆಗೆ ಆ ಗೂಡಿಗೆ ಯಾರೂ ಹೋದದ್ದಿಲ್ಲ.

ಯಾರದು ಎಂದು ಕೇಳಿದರೆ ಮಿರಾನ್ ತಲೆಯಾಡಿಸುತ್ತಾಳೆ.

“ನಾನು ತಿರುಗಿ ನೋಡ್ಲಿಲ್ಲ. ನೋಡ್ಬಾರ್ದು ಅಂತಾನೇ ಅಲ್ವಾ, ಬಾಗಿಲು ಮಾಡಿದ್ದು?”