ಜರಡಿ ಅಕ್ಕ ಬಿಟ್ಟ ನಾಲ್ಕು ಹೆಸರು

ಆಸ್ಪತ್ರೆಯ ದಾಖಲೆ ಕೋಣೆಯ ಜರಡಿ ಅಕ್ಕನ ಚುರುಕು ಎಂಥದ್ದೆಂದರೆ, ಗೋಡೆಯಾಚೆ ಯಾರಾದರೂ ತಪ್ಪು ಬರೆದರೆ ಈಚೆ ಆಕೆಗೆ ಸೀನು ಬರುತ್ತಿತ್ತು. ಟೈಪಿಸ್ಟಾಗಿ ಸೇರಿದವಳು ಪರ್ಲ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಒಂದು ಪ್ರೋಗ್ರಾಮ್ ಬರೆದಿದ್ದಳು. ಯಾವ ರೋಗಿಗೆ ಯಾವ ಔಷಧ ಒಗ್ಗದೆಂದು ಅದು ದಿನಾ ಬೆಳಗ್ಗೆ ದಾಖಲೆಗಳನ್ನು ಜರಡಿ ಹಿಡಿದು ಪಟ್ಟಿ ಕೊಡುತ್ತಿತ್ತು. ಪಟ್ಟಿಗಿಂತ ಮುಂಚೆ ಸೂರ್ಯ ಹುಟ್ಟಿದರೆ, ಸೂರ್ಯನೇ ಅವಸರ ಮಾಡಿದ ಎನ್ನುತ್ತಿದ್ದರು ವೈದ್ಯರು.

ಒಂದು ಬೆಳಗ್ಗೆ ವಾರ್ಡಿನ ನರ್ಸು ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಹತ್ತಕ್ಕೆ ಆಪರೇಷನ್ ಇರೋ ಅಜ್ಜಿ ತನಗೆ ಪೆನ್ಸಿಲಿನ್ ಆಗಲ್ಲ ಅಂತಿದಾರೆ. ನಿಮ್ಮ ಪಟ್ಟೀಲಿ ಸಲ್ಫಾ ಔಷಧ ಒಂದೇ ಇದೆ."

"ದಾಖಲೇಲಿ?"

"ಎರಡೂ ಇದೆ."

ಈ ಅಜ್ಜಿಗೆ ಬಾಯಿತ್ತು, ಹೇಳಿದಳು. ಹೇಳಲಾಗದೆ ಮಲಗಿದವರು? ಅಕ್ಕ ಫೋನೆತ್ತಿ, ತಾನು ಹೇಳುವ ತನಕ ಯಾರಿಗೂ ಪೆನ್ಸಿಲಿನ್ ಚುಚ್ಚಬೇಡಿ ಎಂದು ಎಲ್ಲ ವಾರ್ಡಿಗೂ ತಿಳಿಸಿ, ಪ್ರೋಗ್ರಾಮ್ ತೆರೆದಳು. ಹಿಂದಿನ ಸಂಜೆ, ಏನನ್ನೂ ಬಿಡದೆ ಹುಡುಕಲಿ ಎಂದು ತಾನೇ ಪ್ರತಿ ಹುಡುಕಾಟದ ಆಜ್ಞೆಯ ಕೊನೆಗೂ 'ಜಿ' ಎಂಬ ಇಂಗ್ಲಿಷ್ ಅಕ್ಷರ ಅಂಟಿಸಿದ್ದಳು.

"ನಂದೇ ಘನಕಾರ್ಯ ಕಣೇ. ಆ ಜಿ ಇದ್ರೆ ಪರ್ಲ್ ಸಾಲಿನ ಮೇಲೆ ಬೆರಳಿಟ್ಟು ಓದತ್ತೆ. ಮೊದಲು ಸಲ್ಫಾ ಹುಡುಕು ಅಂದೆ, ಸಿಕ್ಕಿದಲ್ಲೇ ಬೆರಳು ನಿಲ್ತು. ಆಮೇಲೆ ಪೆನ್ಸಿಲಿನ್ ಅಂದ್ರೆ, ಬೆರಳಿಂದ ಮುಂದಕ್ಕೆ ಮಾತ್ರ ಹುಡುಕತ್ತೆ. ಅಜ್ಜಿ ಸಾಲಲ್ಲಿ ಪೆನ್ಸಿಲಿನ್ ಬೆರಳಿನ ಹಿಂದೇನೇ ಇತ್ತು."

"ನಮ್ಮ ಯಜಮಾನ್ರೂ ಹಿಂಗೇ. ಕನ್ನಡಕ ಹುಡುಕಿ ಅಂದ್ರೆ ಬೆನ್ನ ಹಿಂದೆ ತಿರುಗೋದೇ ಇಲ್ಲ! ಮತ್ತೆ ಬೇರೆಯವರದ್ದು ಸರಿಯಾಗಿ ಬಂತಲ್ಲ?"

"ಸಲ್ಫಾ ಸಿಗದಿದ್ರೆ ಬೆರಳೆತ್ತಿ ಮತ್ತೆ ಮೊದಲಿಂದ ಶುರು ಮಾಡತ್ತೆ. ಎರಡೂ ಇದ್ದು, ಪೆನ್ಸಿಲಿನ್ ಮೊದಲು ಬರೆದಿರೋರು ಮಾತ್ರ ತಪ್ಪಿಸ್ಕೊಂಡ್ರು."

ಆ ಜಿಗಳನ್ನೆಲ್ಲ ಕಿತ್ತು ಮತ್ತೆ ಓಡಿಸಿದಳು. ಅಜ್ಜಿಯ ಜೊತೆ ಇನ್ನೂ ಮೂವರು ಹೊರಬಿದ್ದರು. ಅವರಲ್ಲೊಬ್ಬರಿಗೆ ಪ್ರಜ್ಞೆಯೇ ಇರಲಿಲ್ಲ. ಹೊಸ ಪಟ್ಟಿ ಹಿಡಿದು ಆಪರೇಷನ್ ಥಿಯೇಟರಿಗೆ ಹೊರಟ ಅಕ್ಕ ಲಿಫ್ಟಿಗೆ ಕಾಯದೆ ಮೆಟ್ಟಿಲನ್ನು ನಾಲ್ಕು ನಾಲ್ಕಾಗಿ ಹಾರಿದಳು. ಆ ಅದುರಿಗೆ ಮೆಟ್ಟಿಲ ಪಕ್ಕದ ಗೋಡೆಯ ಸುಣ್ಣ ಇನ್ನೂ ಉದುರುತ್ತಲೇ ಇದೆಯಂತೆ.

"ಕಂಪ್ಯೂಟರ್ ಕೈಕೊಡ್ತಾ ಅಕ್ಕಾ?" ಎಂದರು ಸರ್ಜನ್.

"ಇಲ್ಲ ಡಾಕ್ಟ್ರೇ, ನಾನು ಹೇಳಿದ್ದನ್ನೇ ಮಾಡ್ತು. ತಪ್ಪು ನಂದು. ನಾಳೆಯಿಂದ ಬೇರೆಯವರ ಕೈಲಿ ಮಾಡಿಸಿ."

ಸರ್ಜನ್ ನಾಲ್ವರಿಗೂ ಬೇರೆ ಔಷಧ ಬರೆದರು. "ತಪ್ಪನ್ನ ಹಿಂಗೆ ಓಡೋಡಿ ಬಂದು ಒಪ್ಪಿಸೋರು ಇನ್ನೊಬ್ಬರು ಸಿಗೋ ತನಕ ನೀವೇ ಮಾಡಿ," ಎಂದು ಕೈತೊಳೆಯಲು ಹೋದರು.