ಪಾಲಕ್ ಪಾತಿಯಲ್ಲಿ ಭಾಗ್ಯಾ ಟೀಚರ್

ಮುಂಬೈ ಹತ್ತಿರದ ದಿವಾ ಊರಿನ ಭಾಗ್ಯಾ ಕೃಷಿ ಓದಿದ್ದಕ್ಕೆ ಲೋಕಲ್ ರೈಲಿನ ಕಿಟಕಿಯೇ ಕಾರಣ. ಹಳಿಯ ಪಕ್ಕದ ಪಾಲಕ್, ಮೆಂತ್ಯದ ಪಾತಿಗಳನ್ನು ನೋಡುತ್ತಾ ಬೆಳೆದ ಹುಡುಗಿ. ಅಪ್ಪ ಅಂಬಾರಾಯ ಭಿವಂಡಿಯ ಗೋದಾಮಿನಲ್ಲಿ ಹಮಾಲಿ. "ನನ್ನ ಮಗಳು ಟೀಚರ್ ಆಗ್ತಾಳ್ರಿ" ಎಂದು ಲಾರಿಗೆ ಮೂಟೆ ಏರಿಸುತ್ತಲೇ ಊರಿಗೆಲ್ಲ ಸಾರಿಬಿಟ್ಟಿದ್ದ.

ಪದವಿ ಮುಗಿಸಿ ಬಿ.ಎಡ್. ಸೇರಿದವಳನ್ನು ಪಾಠದ ಅಭ್ಯಾಸಕ್ಕೆಂದು ಡೊಂಬಿವಲಿಯ ಒಂದು ಕನ್ನಡ ಶಾಲೆಗೆ ಕಳಿಸಿದರು. ಏಳನೆಯ ತರಗತಿಗೆ ತೋಟಗಾರಿಕೆ ಕಲಿಸಬೇಕು. ಶಾಲೆಯ ಹಿಂದಿನ ಒಂದು ತುಂಡು ನೆಲವೇ ಹೊಲ. ನೋಡಿ ತಿದ್ದಲು ಉಡುಪಿ ಕಡೆಯ ಜಯಲತಾ ಟೀಚರ್ ಇದ್ದರು.

ತರಗತಿಯೊಳಗೆ ಭಾಗ್ಯಾ ಚೆನ್ನಾಗಿಯೇ ಪಾಠ ಮಾಡಿದಳು. ಬಾಗಿಲು ದಾಟಿದ್ದೇ ತಡ, ಮಕ್ಕಳು ಹುರಿಗಡಲೆಯಂತೆ ಚೆಲ್ಲಾಪಿಲ್ಲಿಯಾದರು. ಇಬ್ಬರು ನೀರಿನ ಪೈಪಿಗೆ ಜಗ್ಗಾಡಿದರು. ಜ್ಯೋತಿ ಎಂಬ ಹುಡುಗಿ ಇಡೀ ಪೊಟ್ಟಣದ ಬೀಜವನ್ನು ಒಂದೇ ಗುಂಡಿಗೆ ಸುರಿದು, "ಟೀಚರ್, ಮೇರಾ ಹೋ ಗಯಾ, ನಂದು ಮುಗೀತು!" ಎಂದು ಕೈ ಝಾಡಿಸಿದಳು. ಭಾಗ್ಯಾಳ ಕೂಗು ಯಾರ ಕಿವಿಗೂ ಬೀಳಲಿಲ್ಲ. ಅವಳ ದುಪಟ್ಟಾ ಮಾತ್ರ ತೊಪ್ಪೆಯಾಯಿತು.

ಮರುದಿನ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಒಂದು ಸೀಟಿ ಕೊಂಡಳು. ಅವಳು ಏಳನೆಯವರನ್ನು ಹೊಲಕ್ಕೆ ಕರೆತಂದ ಹೊತ್ತಿಗೆ ಪಕ್ಕದ ಮೈದಾನದಲ್ಲಿ ಪಿ.ಟಿ. ಮಾಸ್ತರ ಮಧ್ವೇಶ್ ಸರ್ ಐದನೆಯ ತರಗತಿಯನ್ನು ಓಟಕ್ಕೆ ಸಾಲು ನಿಲ್ಲಿಸಿದ್ದರು. ಭಾಗ್ಯಾ ಪೀಂ ಎಂದು ಊದಿದಳು. ಐದನೆಯವರು ಓಡಿದರು. ಅವರನ್ನು ನೋಡಿ ಏಳನೆಯವರೂ ಕಳೆ ಕೀಳುವ ಖುರ್ಪಿ ಹಿಡಿದುಕೊಂಡೇ ಓಡಿದರು.

"ಮೇಡಂ, ಗೆದ್ದವರಿಗೆ ಬಹುಮಾನ ನೀವು ಕೊಡ್ತೀರೋ, ನಾನು ಕೊಡಬೇಕೋ?" ಎಂದು ಮಧ್ವೇಶ್ ಸರ್ ಹೊಟ್ಟೆ ಹಿಡಿದು ನಕ್ಕರು. ಭಾಗ್ಯಾಳಿಗೆ ಅಳುವೂ ಬಂತು, ನಗುವೂ ಬಂತು.

"ನನ್ನ ಕೈಲಿ ಆಗಂಗಿಲ್ರಿ ಟೀಚರ್," ಎಂದಳು ಸ್ಟಾಫ್‌ರೂಮಿನಲ್ಲಿ.

ಜಯಲತಾ ಟೀಚರ್ ಚಹಾ ಮುಂದೆ ಸರಿಸಿದರು. "ಮಾರಾಯ್ತಿ, ಪೈಪ್ ಮೊದಲೇ ಕೈಗೆ ಕೊಟ್ಟರೆ ಬೀಜ ಯಾರು ಬಿತ್ತುದು? ಕೆಲಸ ಇಲ್ಲದೆ ನಿಂತ ಮಕ್ಕಳು ಮತ್ತೆಂತ ಮಾಡ್ತಾರೆ?"

ಆ ಸಂಜೆ ದಿವಾ ತನಕ ರೈಲಿನ ಬಾಗಿಲ ಬಳಿ ನಿಂತೇ ಬಂದ ಭಾಗ್ಯಾ ಅದನ್ನೇ ಯೋಚಿಸಿದಳು. ಮುಂದಿನ ತರಗತಿಗೆ ಮುಂಚೆಯೇ ಬಂದು ಸುಣ್ಣದ ಗೆರೆ ಎಳೆದು ನೆಲವನ್ನು ಪಾತಿಗಳಾಗಿ ಹಂಚಿದಳು. ಪಾತಿಗೊಂದು ಗುಂಪು. ಒಬ್ಬರು ಅಗೆಯಬೇಕು, ಒಬ್ಬರು ಹೆಂಟೆ ಒಡೆಯಬೇಕು, ಒಬ್ಬರು ಗೊಬ್ಬರ ಬೆರೆಸಬೇಕು, ಒಬ್ಬರು ಬಿತ್ತಬೇಕು. ಯಾರ ಕೆಲಸ ಏನೆಂದು ಒಳಗೇ ತೀರ್ಮಾನವಾಗಬೇಕು, ಆಮೇಲೆ ಹೊರಗೆ. ಪಾತಿಯ ಮೇಲೆ ಯಾರೂ ಕಾಲಿಡಬಾರದು. ನೀರು ಕಟ್ಟಕಡೆಗೆ.

ಗದ್ದಲ ಇದ್ದೇ ಇತ್ತು. ಆದರೆ ಈಗ "ಏ, ಗೊಬ್ಬರ ಇಕಡೆ ತಾ" ಎಂಬ ಗದ್ದಲ! ಭಾಗ್ಯಾ ಕೂಗುವುದನ್ನು ಬಿಟ್ಟು ಪಾತಿಯಿಂದ ಪಾತಿಗೆ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಾತಾಡತೊಡಗಿದಳು. ಹಾಗೆ ಕೂತರೆ ಮಕ್ಕಳು ಕೇಳುತ್ತಿದ್ದರು.

ಕೊನೆಯ ಪಾಠ ನೋಡಲು ಕಾಲೇಜಿನಿಂದ ವಸಂತಕುಮಾರ್ ಸರ್ ಬಂದರು. ಮುಖದಲ್ಲಿ ನಗುವಿಲ್ಲದ ಮನುಷ್ಯ. ಬಿತ್ತನೆಯೆಲ್ಲ ಸೊಗಸಾಗಿ ಮುಗಿಯಿತು. ಭಾಗ್ಯಾ ನಲ್ಲಿ ತಿರುಗಿಸಿದರೆ ಬಂದದ್ದು ಬರೀ ಗಾಳಿ! ನಲ್ಲಿ ಮುಚ್ಚಿ ಮಕ್ಕಳತ್ತ ತಿರುಗಿ, "ಯಾರ್ಯಾರ ಬಾಟಲಿಯಾಗ ನೀರು ಉಳಿದದ?" ಎಂದಳು.

ಎಲ್ಲರ ಕೈಗಳೂ ಮೇಲೆದ್ದವು. ಗುಂಪುಗುಂಪಾಗಿ ಹೋಗಿ ಬಾಟಲಿ ತಂದರು. ಜ್ಯೋತಿ ಗಳಗಳ ಸುರಿಯಲು ಹೊರಟಳು. ಭಾಗ್ಯಾ ಅವಳ ಅಂಗೈಯನ್ನು ಬಾಟಲಿಯ ಕೆಳಗೆ ಹಿಡಿಸಿ, "ಹಿಂಗ, ಬೆರಳಿನ ಸಂದಿನಿಂದ ಹನಿಹನಿ. ಇಲ್ಲಾಂದ್ರ ಬೀಜ ಕೊಚ್ಚಿ ಹೋಗ್ತಾವ" ಎಂದಳು. ಉಳಿದವರೂ ಹಾಗೆಯೇ ಮಾಡಿದರು.

ಚೆನ್ನಾಗಿ ನೋಡಲೆಂದು ವಸಂತಕುಮಾರ್ ಸರ್ ಮುಂದೆ ಬಂದರು. ಜ್ಯೋತಿ ತಲೆಯೆತ್ತಿ ಗಂಭೀರವಾಗಿ ಹೇಳಿದಳು: "ಸರ್, ಆಪ್ ಪಾಲಕ್ ಪೆ ಖಡೆ ಹೋ."

ಪಾಲಕ್ ಪಾತಿಯ ಮೇಲೆ ನಿಂತಿದ್ದ ಸರ್ ಬೆಚ್ಚಿ ಹಿಂದೆ ಜಿಗಿದರು. "ಸಾರಿ, ಸಾರಿ," ಎಂದು ಅವರೇ ನಕ್ಕುಬಿಟ್ಟರು. ಹೊರಡುವಾಗ, "ತರಗತಿ ನಿಮ್ಮ ಕೈಯಲ್ಲಿದೆಯಮ್ಮ. ನಾನೂ ಅದರಲ್ಲಿ ಸೇರಿದ್ದೆ," ಎಂದರು.

ಈ ಜೂನ್‌ನಿಂದ ಭಾಗ್ಯಾ ನವಿ ಮುಂಬೈಯ ಒಂದು ಶಾಲೆಯಲ್ಲಿ ಕೃಷಿ ಟೀಚರ್. ಅಲ್ಲಿ ನೆಲವೇ ಇಲ್ಲ. ಟೆರೇಸಿನ ಮೇಲೆ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಟೊಮೆಟೊ, ಮೆಣಸಿನಗಿಡ. ಮಕ್ಕಳು ತುಂಟತನದಲ್ಲಿ ಡೊಂಬಿವಲಿಯವರಿಗಿಂತ ಒಂದು ಕೈ ಮೇಲು. "ಹೆಂಗದ ಕೆಲಸ?" ಎಂದು ಅಪ್ಪ ಕೇಳಿದರೆ, "ಭಾಳ ಗದ್ದಲ ಅದಪಾ," ಎಂದು ಖುಷಿಯಿಂದ ಹೇಳುತ್ತಾಳೆ.