ಎದುರು ಕಟ್ಟಡದ ಬೇಡಮ್ಮ

ಬೇಡಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆಕೆಯೇ ಕೈ ಹಿಡಿದು ಕಸುಬು ಕಲಿಸಿದ ಶಿಷ್ಯ ಇಟ್ಟ ಹೆಸರು. ತುಂಬಿದ ಸಭೆಯಲ್ಲಿ, ಎಲ್ಲರೂ ನಗಲಿ ಎಂದೇ ಇಟ್ಟ. ಎಲ್ಲರೂ ನಕ್ಕರು ಕೂಡ. ಆ ನಗು ಆಕೆಯ ಕಿವಿಯಿಂದ ಹೊರಗೆ ಹೋಗಲೇ ಇಲ್ಲ.

ಆಕೆ ಬೆನ್ನುಮೂಳೆಯ ಸರ್ಜನ್. ಆ ಶಿಷ್ಯನ ಜೊತೆ ಸೇರಿ ಒಂದು ಮೂಳೆ ಆಸ್ಪತ್ರೆ ನಡೆಸುತ್ತಿದ್ದಳು. ಅವನು ಆಕೆಯನ್ನು ಅಕ್ಕ ಎನ್ನುತ್ತಿದ್ದ, ಆಕೆ ಅವನನ್ನು ತಮ್ಮ ಎನ್ನುತ್ತಿದ್ದಳು. ಒಡಹುಟ್ಟಿದವರು ಕೂಡ ಇಷ್ಟು ಬಾಯ್ತುಂಬ ಕರೆಯುವುದಿಲ್ಲ. ಸೊಂಟ ಹಿಡಿದುಕೊಂಡು, ಮುಖ ಹಿಂಡಿಕೊಂಡು ಬಂದವರನ್ನು ಆಕೆ ಹಿಮ್ಮಡಿಯ ಮೇಲೆ ನಡೆಸುವಳು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟುವಳು, ಮಲಗುವ ಹಾಸಿಗೆಯಿಂದ ಹಿಡಿದು ಅತ್ತೆಯ ಕಾಟದವರೆಗೆ ಎಲ್ಲವನ್ನೂ ಕೇಳುವಳು. ಕೊನೆಗೆ ಹೇಳುವುದು ಹೆಚ್ಚಾಗಿ ಒಂದೇ ಮಾತು. "ಆಪರೇಷನ್ ಬೇಡಮ್ಮ. ಸ್ವಲ್ಪ ತಡ್ಕೋ, ದಿನಾ ನಡಿ, ತಾನಾಗೇ ಹೋಗುತ್ತೆ." ಹೆಚ್ಚಿನವರಿಗೆ ಹೋಗುತ್ತಲೂ ಇತ್ತು. ನಿಜಕ್ಕೂ ಬೇಕಾದವರಿಗೆ ಮಂಗಳವಾರ ಆಪರೇಷನ್ ಮಾಡುವಳು. ಅದರಲ್ಲಿ ಆಕೆಯದು ಎತ್ತಿದ ಕೈ. ಅವಳು ಹೊಲಿದ ಬೆನ್ನನ್ನು ಇನ್ನೊಬ್ಬರು ಬಿಚ್ಚಿ ಸರಿಮಾಡಿದ್ದು ಯಾರಿಗೂ ನೆನಪಿಲ್ಲ.

ದೊಡ್ಡ ಕಂಪನಿಗಳು ಆಸ್ಪತ್ರೆಗಳನ್ನು ತರಕಾರಿ ಆರಿಸಿದ ಹಾಗೆ ಆರಿಸಿ ಚೀಲಕ್ಕೆ ಹಾಕಿಕೊಳ್ಳುವ ಕಾಲ ಬಂತು. ಒಂದು ಸಂಜೆ ತಮ್ಮ ಆಸ್ಪತ್ರೆ ಮಾರುವ ಕಾಗದಗಳ ಜೊತೆ ಮನೆಗೇ ಬಂದ.

"ಅಕ್ಕ, ಒಂಟಿಯಾಗಿ ನಿಲ್ಲೋ ಕಾಲ ಮುಗೀತು. ಸಹಿ ಹಾಕಿಬಿಡಿ. ನಿಮ್ಮ ಕೋಣೆ ನಿಮಗೆ, ನಿಮ್ಮ ಮಂಗಳವಾರ ನಿಮಗೆ. ನಾನಿಲ್ವಾ?"

ಆಕೆ ಸಹಿ ಹಾಕಿದಳು. ಅವನಿದ್ದ. ಡೈರೆಕ್ಟರ್ ಕುರ್ಚಿಯಲ್ಲಿದ್ದ. ಗೋಡೆಗೆ ಹೊಸ ಬಣ್ಣ ಬಂತು, ಹಜಾರಕ್ಕೆ ಕಾಫಿ ಮೆಷೀನು ಬಂತು, ಆಮೇಲೆ ಬೆನ್ನಿಗೆ ಸ್ಕ್ರೂ ಕೂರಿಸಲು ದಾರಿ ತೋರಿಸುವ ರೋಬೋಟು ಬಂತು. ಅದು ಬಂದ ದಿನ ಬಾಗಿಲಿಗೆ ಬಲೂನು ಕಟ್ಟಿದ್ದರು. ಅಷ್ಟು ದುಬಾರಿ ಯಂತ್ರ ಸುಮ್ಮನೆ ಕೂತರೆ ಕಂಪನಿಗೆ ಹೊಟ್ಟೆನೋವು. ಹಾಗಾಗಿ ತಿಂಗಳಿಗೊಂದು ಸಭೆ ಶುರುವಾಯಿತು. ಬೆನ್ನುನೋವೆಂದು ಬಂದವರಲ್ಲಿ ಯಾವ ಡಾಕ್ಟರು ಎಷ್ಟು ಜನರನ್ನು ಆಪರೇಷನ್ನಿಗೆ ಒಪ್ಪಿಸಿದರು ಎಂದು ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳು ಮೂಡುತ್ತಿದ್ದವು. ಕನ್ವರ್ಶನ್ ಎಂದು ಅದಕ್ಕೊಂದು ಚಂದದ ಹೆಸರು ಬೇರೆ. ಆಕೆಯ ಕಂಬ ನೆಲ ಬಿಟ್ಟು ಮೇಲೇಳುತ್ತಲೇ ಇರಲಿಲ್ಲ.

ಒಂದು ಸಭೆಯಲ್ಲಿ ತಮ್ಮ ಅದನ್ನು ಕೋಲಿನಿಂದ ತೋರಿಸಿ, "ಇವರು ನಮ್ಮ ಬೇಡಮ್ಮ" ಎಂದ. ಪಕ್ಕದ ಗಿಡ್ಡ ಕಂಬ ತೋರಿಸಿ, "ಇವರು ನಮ್ಮ ನಿಧಾನಪ್ಪ" ಎಂದ. ನಿಧಾನಪ್ಪ ಒಂದು ಆಪರೇಷನ್ನಿಗೆ ಉಳಿದವರ ಎರಡರಷ್ಟು ಹೊತ್ತು ತೆಗೆದುಕೊಳ್ಳುವ, ಮಾತು ಕಡಿಮೆಯ ಸರ್ಜನ್. ಅವನು ತಲೆ ತಗ್ಗಿಸಿ ತಾನೂ ನಕ್ಕ, ಪಾಪ. ಆಕೆ ನಗಲಿಲ್ಲ.

ಆಮೇಲೆ ಮಂಗಳವಾರ ರೋಬೋಟಿನ ಪಾಲಾಯಿತು. ನಿಧಾನಪ್ಪ ಸರ್ಕಾರಿ ಆಸ್ಪತ್ರೆ ಸೇರಿಕೊಂಡ. ಆಕೆಗೆ 'ಮಾರ್ಗದರ್ಶಕಿ' ಎಂದು ಕೆತ್ತಿದ ಗಾಜಿನ ಫಲಕ ಕೊಟ್ಟು, ಕೈಕುಲುಕಿ, ಗೇಟಿನವರೆಗೂ ನಗುನಗುತ್ತಾ ಬಿಟ್ಟುಬಂದರು. ಮರ್ಯಾದೆಯಿಂದ ಕತ್ತು ಹಿಡಿದು ನೂಕುವುದು ಹೇಗೆಂದು ದೊಡ್ಡ ಕಂಪನಿಗಳಿಂದ ಕಲಿಯಬೇಕು. ಫಲಕ ಈಗ ಬಚ್ಚಲಿನ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಾಗಿದೆ.

ಇಷ್ಟಕ್ಕೆ ಬೇರೆಯವರಾದರೆ ಮನೆಯಲ್ಲಿ ಕೂತು ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ಆಕೆ ಆಸ್ಪತ್ರೆಯ ಗೇಟಿಗೆ ಎದುರಾಗಿ, ಟೈರ್ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದಳು.

"ಬೇರೆ ಬೀದಿ ಸಿಗ್ಲಿಲ್ವೇನೇ?" ಎಂದರು ಗಂಡ. ಅವರು ನಿವೃತ್ತ ಲೆಕ್ಕದ ಮೇಷ್ಟ್ರು.

"ಸಿಕ್ತು. ಅಲ್ಲಿಂದ ಅವನ ಗೇಟು ಕಾಣಲ್ಲ."

ಅದೃಷ್ಟ ಆಕೆಯ ಕಡೆಗಿತ್ತು. ಬೆನ್ನಿನ ಆಪರೇಷನ್ನುಗಳು ಹೆಚ್ಚಿದ್ದನ್ನು ಕಂಡು ವಿಮೆ ಕಂಪನಿಗಳಿಗೂ ಜ್ಞಾನೋದಯವಾಗಿತ್ತು. ಹಣ ಬಿಡುವ ಮೊದಲು ಇನ್ನೊಬ್ಬ ಸರ್ಜನ್ ನೋಡಿ ಆಪರೇಷನ್ ಬೇಕೇಬೇಕು ಎಂದು ಬರೆದುಕೊಡಲಿ ಎಂದವು. ಒಂದು ಶರತ್ತು, ಹಾಗೆ ಹೇಳುವವರು ತಾವು ಎಲ್ಲೂ ಆಪರೇಷನ್ ಮಾಡುತ್ತಿರಬಾರದು. ಬೇರೆ ಆಸ್ಪತ್ರೆಯೊಂದು ಆಕೆಗೆ ವಾರಕ್ಕೊಂದು ದಿನ ಥಿಯೇಟರು ಕೊಡುತ್ತೇನೆಂದು ಕರೆದಿತ್ತು. ಆಕೆ ಅದನ್ನು ಒದ್ದು ಈ ಕುರ್ಚಿಯಲ್ಲಿ ಕೂತಳು. ತಮ್ಮನ ಆಸ್ಪತ್ರೆಯಿಂದ ಜನ ಸ್ಕ್ಯಾನಿಂಗ್ ಹಿಡಿದು ರಸ್ತೆ ದಾಟಿ ಬರುತ್ತಿದ್ದರು, ಆಕೆ ನೋಡಿ ಬೇಡ ಎನ್ನುತ್ತಿದ್ದಳು. ಬೇಕಾದವರಿಗೆ ಬೇಕು ಎಂದೇ ಬರೆಯುತ್ತಿದ್ದಳು, ಅದರಲ್ಲಿ ಮೋಸವಿಲ್ಲ. ಆದರೆ ಪ್ರತಿ ಬೇಡಕ್ಕೂ ಎದುರಿನ ರೋಬೋಟು ಒಂದು ತುತ್ತು ಕಡಿಮೆ ಉಣ್ಣುತ್ತದೆ ಎಂದು ನೆನೆದಾಗ ಆಕೆಯ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಬೆನ್ನುನೋವಿನವರನ್ನು ಮೆಟ್ಟಿಲು ಹತ್ತಿಸುತ್ತೀರಾ ಎಂದು ಯಾರಾದರೂ ದಬಾಯಿಸಿದರೆ, "ಆ ಮೆಟ್ಟಿಲೇ ನನ್ನ ಮೊದಲನೇ ಸ್ಕ್ಯಾನಿಂಗು" ಎನ್ನುವಳು. ಹೆಜ್ಜೆಯ ಸದ್ದಿನಲ್ಲೇ ಅರ್ಧ ರೋಗ ತಿಳಿಯುತ್ತಿತ್ತು. ಚೀಟಿ ಕೊಡಲು ಪ್ಲಾಸ್ಟರಣ್ಣ ಇದ್ದ. ಹಳೆಯ ಆಸ್ಪತ್ರೆಯಲ್ಲಿ ಕೈಕಾಲಿಗೆ ಪ್ಲಾಸ್ಟರ್ ಸುತ್ತುತ್ತಿದ್ದವನು. ಈಗ ಎಲ್ಲದಕ್ಕೂ ಪ್ಲೇಟು, ಸ್ಕ್ರೂ ಬಂದು ಅವನಿಗೂ ಅಲ್ಲಿ ಕೆಲಸವಿರಲಿಲ್ಲ.

ಒಂದು ಬೆಳಗ್ಗೆ ತಮ್ಮ ಎಂದಿನಂತೆ ಗೇಟಿನ ಬಳಿ ಕಾರಿನಿಂದ ಇಳಿದ. ಆಕೆ ಎಂದಿನಂತೆ ಕಿಟಕಿಗೆ ಕುರ್ಚಿ ತಿರುಗಿಸಿ ಕೂತಿದ್ದಳು. ಅವನ ಬಲಗಾಲಿನ ಶೂ ತುದಿ ನೆಲದ ಕಬ್ಬಿಣದ ಪಟ್ಟಿಗೆ ಸಿಕ್ಕಿತು. ಮುಗ್ಗರಿಸಿದ, ಸುತ್ತ ನೋಡಿದ, ಶೂವನ್ನು ಬೈದುಕೊಂಡು ಮುಂದೆ ನಡೆದ. ಬಲಮಂಡಿ ಎಡಕ್ಕಿಂತ ಕೊಂಚ ಮೇಲಕ್ಕೇಳುತ್ತಿತ್ತು. ಪಾದ ಹಿಮ್ಮಡಿಯಿಂದ ಊರುವ ಬದಲು ಒಟ್ಟಿಗೇ ಕೆಳಗೆ ಬಡಿಯುತ್ತಿತ್ತು. ನೋಡಿದವರು ಎಡವಿದ ಎಂದುಕೊಳ್ಳುತ್ತಾರೆ. ಪಾದವನ್ನು ಮೇಲೆತ್ತುವ ನರ ಬೆನ್ನಿನಲ್ಲಿ ಎಲ್ಲೋ ಅಮುಕಿಹೋಗಿ ಸಾಯುತ್ತಿದೆ ಎಂದು ಆಕೆಗೆ ಗೊತ್ತಾಯಿತು.

ಫೋನು ಕೈಗೆ ಬಂತು. ಅದರಲ್ಲಿ ಅವನ ಹೆಸರು ಇನ್ನೂ 'ತಮ್ಮ' ಎಂದೇ ಇತ್ತು.

"ಯಾರಿಗಮ್ಮ ಫೋನು?" ಪ್ಲಾಸ್ಟರಣ್ಣ ಕಾಫಿ ಇಡುತ್ತಾ ಕೇಳಿದ.

"ಯಾರಿಗೂ ಇಲ್ಲ" ಎಂದು ಆಕೆ ಫೋನನ್ನು ಬೋರಲು ಹಾಕಿದಳು.

ಸಂಜೆ ಗಂಡನಿಗೆ ಹೇಳಿದಳು. ಮೇಷ್ಟ್ರು ಪೇಪರು ಮಡಿಸಿಟ್ಟರು.

"ಹೇಳ್ಬಿಡೇ ಅವನಿಗೆ."

"ಅವನೂ ಡಾಕ್ಟ್ರೇ ತಾನೆ? ಗೊತ್ತಾಗಲ್ವಾ?"

"ಯಾರ ಬೆನ್ನು ಯಾರಿಗೆ ಕಾಣುತ್ತೆ? ಒಂದು ಫೋನು, ಅಷ್ಟೇ."

"ಬರ್ಲಿ. ನನ್ನ ಮೆಟ್ಟಿಲು ಹತ್ತಿ ಬರ್ಲಿ."

ಆಮೇಲೆ ಆಕೆ ದಿನಾ ಬೇಗ ಬಂದು ಕಿಟಕಿಯಲ್ಲಿ ಕೂರುತ್ತಿದ್ದಳು. ಮಂಡಿ ದಿನದಿಂದ ದಿನಕ್ಕೆ ಮೇಲಕ್ಕೇರುತ್ತಿತ್ತು. ಆಕೆ ನೋಡುತ್ತಿದ್ದಳು, ಕಾಫಿ ಕುಡಿಯುತ್ತಿದ್ದಳು. ಮನಸ್ಸು ಚುಚ್ಚಲಿಲ್ಲವೇ? ಚುಚ್ಚಿತು. ಆದರೆ ಗೋಡೆಯ ಮೇಲಿನ ಆ ಕಂಬವನ್ನು ನೆನೆಸಿಕೊಂಡರೆ ಸಾಕು, ಚುಚ್ಚುವುದು ನಿಲ್ಲುತ್ತಿತ್ತು.

ಒಂದು ಸೋಮವಾರ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಟಪ್ ಎಂದು ಬಡಿಯುತ್ತಾ ಬಂತು. ಪ್ಲಾಸ್ಟರಣ್ಣ ಕಣ್ಣರಳಿಸಿಕೊಂಡು ಒಳಗೆ ಬಂದ.

"ಅಮ್ಮ, ಅವರು ಬಂದಿದ್ದಾರೆ."

"ಚೀಟಿ ಕೊಡು. ಸಾಲಲ್ಲಿ ಕೂರ್ಲಿ."

ಅವನು ಬೆಂಚಿನಲ್ಲಿ ಕೂತ. ಒಂದು ಪಕ್ಕ ಅವನೇ ಆಪರೇಷನ್ ಬೇಕೆಂದು ಹೆದರಿಸಿ ಕಳಿಸಿದ್ದ ದರ್ಜಿ. ಇನ್ನೊಂದು ಪಕ್ಕ ರೋಬೋಟಿನ ಆಪರೇಷನ್ ಆದಮೇಲೂ ಸೊಂಟದಿಂದ ಕೈ ತೆಗೆಯದ ಬಸ್ ಡ್ರೈವರು. ದರ್ಜಿ ಸ್ವಲ್ಪ ಹೊತ್ತು ಓರೆಗಣ್ಣಲ್ಲಿ ನೋಡಿ, "ಸಾರ್, ನಿಮಗೂ ಸೆಕೆಂಡ್ ಒಪೀನಿಯನ್ನಾ?" ಎಂದ. ಬೆಂಚಿಗೆ ಬೆಂಚೇ ನಕ್ಕಿತು. ಬಾಗಿಲ ಹಿಂದೆ ಆಕೆಗೆ ಎಲ್ಲ ಕೇಳಿಸಿತು. ಒಳಗಿದ್ದ ಅಜ್ಜಿಯ ಮಂಡಿಯನ್ನು ಬೇಕೆಂದೇ ಇನ್ನೊಂದು ಸಲ ನೋಡಿದಳು. ಸುಳ್ಳೇಕೆ ಹೇಳಬೇಕು, ಆ ನಗು ಆಕೆಗೆ ಸಕ್ಕರೆಯಷ್ಟು ಸಿಹಿಯಾಗಿತ್ತು.

ಅವನ ಸರದಿ ಬಂತು. ಹಿಮ್ಮಡಿಯ ಮೇಲೆ ನಡಿ ಎಂದಳು. ಎಡಗಾಲು ನಡೆಯಿತು, ಬಲಗಾಲು ಮಾತು ಕೇಳಲಿಲ್ಲ. ಮಲಗಿಸಿ, ಹೆಬ್ಬೆರಳು ಮೇಲೆತ್ತು ಎಂದಳು. ಅವನ ಮುಖ ಕೆಂಪೇರಿತು, ಬೆರಳು ಮಾತ್ರ ಅಲುಗಲಿಲ್ಲ. ಅವನು ತಂದಿದ್ದ ಸ್ಕ್ಯಾನಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಜಾರಿದ ಡಿಸ್ಕು ನರವನ್ನು ಮೂಳೆಯ ಗೋಡೆಗೆ ಒತ್ತಿ ಹಿಡಿದಿತ್ತು.

"ಬೇಡ ಅಂತೀರಲ್ವಾ ಅಕ್ಕ? ಎಲ್ಲರಿಗೂ ಅದನ್ನೇ ಹೇಳ್ತೀರಲ್ಲ." ಅವನ ದನಿ ಸಣ್ಣದಾಗಿತ್ತು. ಯಾವ ಮಾತನ್ನು ಆಡಿಕೊಂಡು ನಕ್ಕಿದ್ದನೋ ಅದನ್ನೇ ಕೇಳಿಸಿಕೊಳ್ಳಲು ಮೆಟ್ಟಿಲು ಹತ್ತಿ ಬಂದಿದ್ದ.

"ಬೇಕು. ತಡ ಮಾಡೋ ಹಾಗಿಲ್ಲ, ನಾಳೆನೇ ಆಗ್ಬೇಕು."

"ಸೇಡು ತೀರಿಸ್ಕೋತಿದೀರಾ?"

"ಸೇಡು ತೀರಿಸ್ಕೋಬೇಕು ಅಂದಿದ್ರೆ ಬೇಡ ಅಂತಿದ್ದೆ ಕಣೋ. ನೀನು ಜನ್ಮಪೂರ್ತಿ ಕಾಲೆಳೀತಾ ಹೋಗ್ತಿದ್ದೆ, ನಾನು ಇಲ್ಲಿ ಕೂತು ನೋಡ್ತಿದ್ದೆ. ಹೋಗು, ಎದುರಿಗೇ ಇದೆಯಲ್ಲ ನಿನ್ನ ರೋಬೋಟು."

ಅವನು ಚಾದರದ ಅಂಚನ್ನು ಹಿಂಡುತ್ತಾ ಕೂತ.

"ಅಲ್ಲಿ ಬೇಡ."

"ಯಾಕೆ?"

"ಮೆಷೀನು ಚೆನ್ನಾಗಿದೆ. ಆದ್ರೆ ಅಲ್ಲಿರೋ ಸರ್ಜನ್‌ಗಳನ್ನ ಆರಿಸಿದ್ದು ನಾನೇ ಅಕ್ಕ. ಯಾರು ಬೇಗ ಮುಗಿಸ್ತಾರೆ ಅಂತ ನೋಡಿ ಆರಿಸಿದ್ದು." ತಲೆ ಎತ್ತಿದ. "ನೀವೇ ಮಾಡಿ. ನಾಳೆ ಮಂಗಳವಾರ. ನಿಮ್ಮ ಮಂಗಳವಾರ ನಿಮಗೇ ವಾಪಸ್ ಕೊಡ್ತೀನಿ, ಎಲ್ಲರ ಮುಂದೆ ಹೇಳ್ತೀನಿ."

ಈ ಮಾತಿಗಾಗಿ ಆಕೆ ಎಷ್ಟು ಕಾದಿದ್ದಳು! ಕನಸಿನಲ್ಲಿ ಎಷ್ಟು ಸಲ ಅವನಿಂದ ಹೇಳಿಸಿದ್ದಳು! ಈಗ ಅದು ಬಂದಾಗ ಆಕೆ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಅವನಿಗೆ ತೋರಿಸಿದಳು. ಬಲಗೈ ಬೆರಳಿಗೆ ಪೆನ್ನಿನ ಶಾಯಿ ಹತ್ತಿತ್ತು.

"ನನ್ನ ಮಂಗಳವಾರ ಹೋದಮೇಲೆ ಈ ಕೈ ಒಂದು ಬೆನ್ನನ್ನೂ ತೆರೆದಿಲ್ಲ. ನರದ ಪಕ್ಕ ಹೋಗೋ ಕೈ ಅಲ್ಲ ಇದು ಈಗ. ಅರ್ಧ ನೀನು ಕಿತ್ಕೊಂಡೆ. ಉಳಿದರ್ಧ ನಿನ್ನ ಮೇಲಿನ ಸಿಟ್ಟಿಗೆ ನಾನೇ ಕೊಟ್ಟೆ. ನಿನಗೆ ಬೇಕಾಗಿದ್ದ ಕೈ ಇಲ್ಲ, ಹೋಯ್ತು."

ಅವನು ಆ ಕೈಯನ್ನೇ ನೋಡುತ್ತಿದ್ದ. ಚಾಕು ಹಿಡಿಯುವುದನ್ನು ಆ ಕೈ ನೋಡಿಯೇ ಕಲಿತಿದ್ದ.

ಆಕೆ ನಿಧಾನಪ್ಪನಿಗೆ ಫೋನು ಮಾಡಿದಳು. ಎರಡೇ ಮಾತಿನಲ್ಲಿ ಮುಗಿಯಿತು. ಬೆಳಗ್ಗೆ ಮೊದಲನೆಯ ಕೇಸು, ಇವತ್ತೇ ಬಂದು ಅಡ್ಮಿಟ್ ಆಗಬೇಕು.

"ನಿಧಾನಪ್ಪನ ಕೈಯಲ್ಲಾ? ಸರ್ಕಾರಿ ಆಸ್ಪತ್ರೇಲಾ?"

"ಜನರಲ್ ವಾರ್ಡು. ಫ್ಯಾನು ಕಿರುಗುಟ್ಟುತ್ತೆ, ಹೊಂದ್ಕೋ. ನಿನ್ನ ನರದ ಹತ್ತಿರ ಹೋಗೋನು ನಿಧಾನಕ್ಕೆ ಹೋಗೋದೇ ಒಳ್ಳೇದು."

ಶೂ ಹಾಕಿಕೊಳ್ಳಲು ಅವನಿಂದ ಆಗಲಿಲ್ಲ. ಅವನೇ ಕೆಲಸದಿಂದ ತೆಗೆದಿದ್ದ ಪ್ಲಾಸ್ಟರಣ್ಣ ಮಂಡಿಯೂರಿ ಕೂತು ದಾರ ಕಟ್ಟಿಕೊಟ್ಟ. ಬಾಗಿಲಲ್ಲಿ ತಮ್ಮ ತಿರುಗಿ ನಿಂತ.

"ಪಾದ ಮೊದಲಿನ ಹಾಗಾಗುತ್ತಾ ಅಕ್ಕ?"

"ಶುರುವಾದಾಗಲೇ ಬಂದಿದ್ರೆ ಬಹುಶಃ ಆಗ್ತಿತ್ತು. ಈಗ ಹೇಳೋಕಾಗಲ್ಲ."

"ನನಗೆ ಗೊತ್ತೇ ಆಗ್ಲಿಲ್ಲ. ಬೆನ್ನುನೋವಿಗೆ ಮಾತ್ರೆ ನುಂಗ್ತಾ ಇದ್ದೆ. ಎಡವೋದು ಶೂ ಸರಿಯಿಲ್ಲದೆ ಅನ್ಕೊಂಡೆ."

ಆಕೆಯ ಕಣ್ಣು ತಾನಾಗಿಯೇ ಕಿಟಕಿಯ ಕಡೆ ಹೋಯಿತು. ಅವನೂ ಆ ಕಡೆ ನೋಡಿದ. ಗೇಟಿಗೆ ಮುಖ ಮಾಡಿ ನಿಂತ ಕುರ್ಚಿ, ಅದರ ತೋಳಿನ ಮೇಲೆ ಕಾಫಿ ಲೋಟದ ಕಲೆಗಳು. ಅವನೇನು ದಡ್ಡನಲ್ಲ.

"ನೋಡಿದ್ರಾ?"

"ನೋಡಿದೆ."

"ಯಾವತ್ತು?"

"ಗೇಟಲ್ಲಿ ಎಡವಿದ್ಯಲ್ಲ, ಆವತ್ತು."

"ಒಂದು ಫೋನ್ ಮಾಡಬಹುದಿತ್ತಲ್ಲಕ್ಕಾ."

"ಮಾಡಬಹುದಿತ್ತು."

ಅವನು ಗೋಡೆ ಹಿಡಿದುಕೊಂಡು ಇಳಿದುಹೋದ. ಮುಂದಿನವರನ್ನು ಕಳಿಸಲೇ ಎಂದು ಪ್ಲಾಸ್ಟರಣ್ಣ ಕೇಳಿದ. ತಡಿ ಎಂದಳು. ಅವನ ಹೆಜ್ಜೆಯ ಸದ್ದು ಬೀದಿಗೆ ಇಳಿದು, ರಸ್ತೆಯ ಗದ್ದಲದಲ್ಲಿ ಸೇರಿಹೋದ ಮೇಲೂ ಆಕೆ ಕಿವಿಗೊಟ್ಟು ಕೂತೇ ಇದ್ದಳು. ಸಭೆಯ ಆ ಹಳೆಯ ನಗು ಈಗ ಕೇಳಿಸುತ್ತಿರಲಿಲ್ಲ. ಅದರ ಜಾಗಕ್ಕೆ ಆ ಪಾದ ಬಂದು ಸೇರಿಕೊಂಡಿತ್ತು, ಟಪ್, ಟಪ್ ಎಂದು ಬಡಿಯುತ್ತಲೇ ಇತ್ತು.